ಕೊಡವದ ಗಂಟು

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವಳಿಗೆ ಆ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಎಂದರು. ಹೇಳಿದವನು ತಲೆ ಎತ್ತಲೂ ಇಲ್ಲ. ಕಿಟಕಿಯ ಸರಳುಗಳ ಆಚೆ ಕೂತು ಟೀ ಊದಿಕೊಂಡು ಕುಡಿಯುತ್ತಿದ್ದ.

ನಾನು ಎಡಚಿಯ ಕೈ ಹಿಡಿದು ಸರಳುಗಳ ನಡುವೆ ತೂರಿಸಿದೆ. ಎಡಚಿ ನಮ್ಮ ಒಗೆಯುವ ಕಟ್ಟೆಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಎಡಗೈಯಲ್ಲಿ ಒಗೆಯುತ್ತಾಳೆಂದು ಆ ಹೆಸರು. ಆ ಎಡಗೈಯೇ ಊದಿತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಕೆಂಪು ಗೆರೆ ಏರಿತ್ತು. ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ನೋಡಯ್ಯ. ನಿಮ್ಮ ವಾರ್ಡಿನ ಸೂಜಿ ಚುಚ್ಚಿದ್ದು. ನಮ್ಮನೆ ಸೂಜಿ ಅಲ್ಲ."

"ಕೈ ತೆಗೀರಮ್ಮ. ನೀವೀಗ ಆಸ್ಪತ್ರೆಯವರಲ್ಲ. ಕಂಟ್ರಾಕ್ಟರ್ ಕಡೆಯವರು. ಅವರನ್ನೇ ಹೋಗಿ ಕೇಳಿ."

"ನಿನ್ನೆ ಮೊನ್ನೆವರೆಗೂ ಆಸ್ಪತ್ರೆಯವರೇ ಇದ್ವಲ್ಲ?"

"ಇದು ಪುರಸಭೆ ಆಸ್ಪತ್ರೆ, ನಿಮ್ಮನ್ನ ಕಂಟ್ರಾಕ್ಟಿಗೆ ಕೊಡೋ ಠರಾವು ಅಲ್ಲಿ ಆಗಿದೆ. ನಿಮ್ಮ ಮೇಡಮ್ಮೇ ಕೈ ಎತ್ತಿದ್ದಾರೆ. ನನ್ನ ಮೇಲ್ಯಾಕೆ ಕೂಗಾಡ್ತೀರಿ?"

ಅವನು ಹೇಳಿದ ಮೇಡಂ ನನ್ನ ವಾರಗಿತ್ತಿ. ನನ್ನ ಮೈದುನನ ಹೆಂಡತಿ, ಈಗ ಪುರಸಭೆಯ ಸದಸ್ಯೆ. ಹೋದ ವರ್ಷದವರೆಗೆ ನನ್ನ ಎದುರಿನ ಕಲ್ಲಿನಲ್ಲಿ ಒಗೆಯುತ್ತಿದ್ದವಳು. ಚಾದರದ ಒಂದು ತುದಿ ಅವಳು ಹಿಂಡಿದರೆ ಇನ್ನೊಂದು ತುದಿ ನಾನು ಹಿಂಡುತ್ತಿದ್ದೆ.

ನರ್ಸಮ್ಮ ಒಬ್ಬಳು ನಮ್ಮನ್ನು ಮೆಟ್ಟಿಲ ಮರೆಗೆ ಕರೆದಳು. ಗಾಯ ತೊಳೆದಳು. ಒಂದಿಷ್ಟು ಮಾತ್ರೆ ಕೊಟ್ಟಳು. "ಇದು ಮಾತ್ರೆಗೆ ಬಗ್ಗೋದಲ್ಲ ಅಕ್ಕಾ. ಕೊಯ್ದು ಕೀವು ತೆಗೀಬೇಕು. ತಡ ಆದ್ರೆ ಕೈ ಅಲ್ಲ, ಜೀವಕ್ಕೇ ಬರುತ್ತೆ" ಎಂದಳು. ಆಮೇಲೆ ಅತ್ತಿತ್ತ ನೋಡಿ ದನಿ ಇಳಿಸಿದಳು. "ಆ ಠರಾವು ಇನ್ನೂ ಪಕ್ಕಾ ಆಗಿಲ್ಲ. ಶುಕ್ರವಾರದ ಸಭೆಯಲ್ಲಿ ಇನ್ನೊಮ್ಮೆ ಒಪ್ಪಿದ ಮೇಲೇ ಅದು ಜಾರಿ. ಅಲ್ಲಿ ನಿಂತುಹೋದ್ರೆ ನೀವು ನಮ್ಮವರೇ, ನಾವೇ ಸೇರಿಸ್ಕೋಬೇಕು. ಒಪ್ಪಿಬಿಟ್ರೆ ನನ್ನ ಕೈಲೂ ಏನಿಲ್ಲ. ನಾನು ಹೇಳಿದೆ ಅನ್ಬೇಡಿ."

ಅವತ್ತು ಬುಧವಾರ.

ನಮ್ಮ ಕೆಲಸದ ರೀತಿ ಹೇಳಿಬಿಡುತ್ತೇನೆ. ಆಸ್ಪತ್ರೆಯ ಹಿಂದೆ ಹೆಣದ ಕೋಣೆಯ ಗೋಡೆಗೆ ಅಂಟಿಕೊಂಡು ನಮ್ಮ ಕಟ್ಟೆ. ಒಗೆಯುವ ಕಲ್ಲುಗಳು, ಒಂದು ತೊಟ್ಟಿ, ಕೆಟ್ಟು ನಿಂತ ಬಿಸಿನೀರಿನ ಹಂಡೆ. ವಾರ್ಡುಗಳಿಂದ ಬಟ್ಟೆ ಗಂಟು ಕಟ್ಟಿ ಬರುತ್ತದೆ. ಹೆರಿಗೆ ಕೋಣೆಯದು, ಆಪರೇಷನ್ ಕೋಣೆಯದು. ರಕ್ತ, ಕೀವು, ಹೇಲು, ವಾಂತಿ. ಅದರೊಳಗೆ ಸೂಜಿ, ಬ್ಲೇಡು, ಒಡೆದ ಗಾಜು. ಬಿಸಾಕುವವರಿಗೆ ಕಸದ ಡಬ್ಬವೂ ಒಂದೇ, ನಮ್ಮ ಗಂಟೂ ಒಂದೇ. ಅದಕ್ಕೇ ಗಂಟು ಬಂದೊಡನೆ ಯಾರೂ ಕೈ ಹಾಕುವಂತಿಲ್ಲ. ದಿನಕ್ಕೊಬ್ಬಳು ಕೊಡವುವವಳು. ಅವಳೇ ಬಿಚ್ಚಬೇಕು. ಒಂದೊಂದೇ ಚಾದರವನ್ನು ತುದಿ ಹಿಡಿದು ಕಲ್ಲಿನ ಮೇಲೆ ಕೊಡವಬೇಕು. ಸೂಜಿ ಬಿದ್ದರೆ ಟಿಣ್ಣೆಂದು ಸದ್ದಾಗುತ್ತದೆ. ಎಲ್ಲ ಕೊಡವಿದ ಮೇಲೆ 'ಖಾಲಿ' ಎನ್ನಬೇಕು. ಅವಳು ಖಾಲಿ ಎಂದರೆ ಮಿಕ್ಕವರು ಕಣ್ಣು ಮುಚ್ಚಿಕೊಂಡು ಕೈ ಹಾಕುತ್ತೇವೆ. ಅಷ್ಟಾದ ಮೇಲೂ ಯಾರಿಗಾದರೂ ಚುಚ್ಚಿದರೆ, ಖಾಲಿ ಎಂದವಳು ಚುಚ್ಚಿಸಿಕೊಂಡವಳ ಪಾಲನ್ನೂ ಒಗೆಯಬೇಕು. ಅವಳು ವಾಸಿಯಾಗಿ ಬರುವವರೆಗೆ. ಯಾರೂ ಬೈಯುವುದಿಲ್ಲ, ಯಾರೂ ಕರೆಯುವುದಿಲ್ಲ. ಅವಳೇ ಬಂದು ಆ ಕಲ್ಲಿನ ಮುಂದೆ ನಿಲ್ಲುತ್ತಾಳೆ.

ಠರಾವು ಪಕ್ಕಾ ಆಗುವ ಮೊದಲೇ ಕಂಟ್ರಾಕ್ಟರು ಬಂದು ಕೂತಿದ್ದ. ಬಂದವನು ಮೊದಲು ನಿಲ್ಲಿಸಿದ್ದು ಇದನ್ನೇ. ಅವನ ಮೇಸ್ತ್ರಿ ಕಟ್ಟೆಯ ಮೇಲೆ ನಿಂತು, "ಇದೇನು ಬಟ್ಟೆ ಆಡಿಸ್ಕೊಂಡು ಕೂರ್ತೀರಿ, ಹೊತ್ತು ಹೋಗುತ್ತೆ, ಬಿಚ್ಚಿ ಸೀದಾ ನೀರಿಗೆ ಹಾಕಿ" ಎಂದ. ಎದುರು ಆಡಿದವಳಿಗೆ ಮರುದಿನ ಬರಬೇಡ ಎಂದ. ಎಡಚಿ ಸೀದಾ ನೀರಿಗೆ ಹಾಕಿದಳು. ಸೂಜಿ ಸೀದಾ ಅಂಗೈಗೆ ಇಳಿಯಿತು.

ಸಂಜೆ ನಾನು ವಾರಗಿತ್ತಿಯ ಮನೆಗೆ ನುಗ್ಗಿದೆ.

ಅವಳನ್ನು ಕಟ್ಟೆಯಲ್ಲಿ ಎಲ್ಲರೂ ಮೈಕು ಅನ್ನುತ್ತಿದ್ದರು. ಹೆರಿಗೆ ಕೋಣೆಯ ಕಿರುಚಾಟವನ್ನೂ ಮೀರಿಸುವ ಗಂಟಲು ಅವಳದು. ಆ ಗಂಟಲು ನೋಡಿಯೇ ಪಾರ್ಟಿಯವರು ಬಂದರು. ಪುರಸಭೆ ಚುನಾವಣೆಗೆ ನಮ್ಮ ಕೇರಿಯ ವಾರ್ಡು ಹೆಂಗಸರಿಗೆ ಬಿಟ್ಟ ವಾರ್ಡಾಗಿತ್ತು. ಅವರ ಮನೆಯ ಹೆಂಗಸರು ಯಾರೂ ನಮ್ಮ ಚರಂಡಿ ದಾಟಿ ಬರಲು ತಯಾರಿರಲಿಲ್ಲ. ಪಾರ್ಟಿಯ ಯಜಮಾನರು ಪುರಸಭೆಯ ಹಳೆಯ ಸದಸ್ಯರು, ಅವರನ್ನು ಎಲ್ಲರೂ ದೊಡ್ಡವರು ಅನ್ನುತ್ತಾರೆ. ಆ ದೊಡ್ಡವರೇ ಬಂದು ನಮ್ಮ ಅತ್ತೆಯ ಮುಂದೆ ನೆಲದ ಮೇಲೆ ಕೂತು, "ಅಮ್ಮಾ, ನಿಮ್ಮ ಸೊಸೆಯನ್ನ ನಮಗೆ ಕೊಡಿ" ಎಂದರು. ಮೈಕುವನ್ನು ಅಕ್ಕಾ ಎಂದರು. ನಾವು ಒದ್ದೆ ಕಾಲಲ್ಲೇ ಮನೆಮನೆ ತಿರುಗಿದೆವು. ಗೆಲ್ಲಿಸಿದೆವು.

ಗೆದ್ದ ಮೇಲೆ ಅಕ್ಕ ಹೋಗಿ 'ಏ ಇವಳೇ' ಆದಳು. ಮೊದಲ ಸಭೆಯ ದಿನ ಪುರಸಭೆಯ ಕಾವಲುಗಾರ ಅವಳನ್ನು ಮುಂಬಾಗಿಲಲ್ಲಿ ತಡೆದು, "ಕಸ ಗುಡಿಸೋರು ಹಿಂದಿನ ಬಾಗಿಲಿಂದ" ಎಂದ. ಒಳಗೆ ಪಕ್ಕದಲ್ಲಿ ಕೂತವರು ಕುರ್ಚಿ ಸರಿಸಿಕೊಂಡರು. ಬ್ಲೀಚಿಂಗ್ ಪುಡಿಯ ವಾಸನೆ ಮೈಯಿಂದ ಹೋಗಲು ಎಷ್ಟು ತಿಂಗಳು ಬೇಕೋ ಅವರಿಗೇನು ಗೊತ್ತು. ಒಮ್ಮೆ ಎದ್ದು ನಮ್ಮ ಬಿಸಿನೀರಿನ ಹಂಡೆಯ ಮಾತು ಎತ್ತಿದಳಂತೆ. ದೊಡ್ಡವರ ಬ್ಯಾಗು ಹೊರುವ ಮನುಷ್ಯ ಹಿಂದಿನಿಂದ ಬಂದು ಅವಳ ಭುಜ ಒತ್ತಿ ಕೂರಿಸಿದನಂತೆ. ಅವನನ್ನು ನಾವು ಬ್ಯಾಗಣ್ಣ ಅನ್ನುತ್ತೇವೆ. ಯಾವಾಗ ಕೈ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಪಾರ್ಟಿಯ ಸದಸ್ಯರಿಗೆ ಸನ್ನೆ ಮಾಡುವುದು ಅವನ ಕೆಲಸ.

"ಮೈಕು ನಮ್ಮದು, ಕರೆಂಟು ಅವರದು" ಎಂದಿದ್ದರು ಅತ್ತೆ ಆಗಲೇ. ನಾವು ನಕ್ಕಿದ್ದೆವು.

ನಾನು ಹೋದಾಗ ಮೈಕು ನೆಲ ಒರೆಸುತ್ತಿದ್ದಳು. ಅತ್ತೆ ಮೂಲೆಯಲ್ಲಿ ಕೂತಿದ್ದರು. ನಾನು ಬಾಗಿಲಲ್ಲೇ ಶುರು ಮಾಡಿದೆ.

"ಏನೇ ಮೇಡಂ, ಯಾವುದಕ್ಕೆ ಕೈ ಎತ್ತಿ ಬಂದೆ?"

"ಏನಕ್ಕಾ? ಯಾಕೆ ಹೀಗೆ?"

ಹೇಳಿದೆ. ಕಿಟಕಿಯವನು ಅಂದದ್ದು, ಕೆಂಪು ಗೆರೆ, ಶುಕ್ರವಾರ, ಎಲ್ಲಾ. ಅವಳು ಒರೆಸುವ ಬಟ್ಟೆ ಹಿಡಿದುಕೊಂಡೇ ಕುಸಿದಳು.

"ಬ್ಯಾಗಣ್ಣ ಹೇಳಿದ ಅಕ್ಕಾ. 'ಇವತ್ತಿನದೆಲ್ಲ ಮಾಮೂಲಿ, ಒಂದೊಂದೂ ನೋಡಿದ್ದೀನಿ, ಏನೂ ಇಲ್ಲ' ಅಂದ. ನೋಡಿದ್ದೀನಿ ಅಂದ್ನಲ್ಲ. ಎತ್ತಿದೆ."

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಏಳಲಿಲ್ಲ. ಈ ತಪ್ಪು ಬೇರೆ ಯಾರೂ ಮಾಡುವುದಿಲ್ಲ, ನಮ್ಮವರೇ ಮಾಡುವುದು. ನಾನೇ ಆ ಕುರ್ಚಿಯಲ್ಲಿದ್ದರೂ ಎತ್ತುತ್ತಿದ್ದೆ. ಒಬ್ಬರು ಕೊಡವಿದ್ದೇನೆ ಎಂದರೆ ಇನ್ನೊಬ್ಬರು ಕೈ ಹಾಕುವುದು ನಮ್ಮ ರೂಢಿ. ಖಾಲಿ ಅಂತ ಸುಳ್ಳು ಹೇಳುವವರು ಇರುತ್ತಾರೆ ಎಂದು ಕಟ್ಟೆ ನಮಗೆ ಕಲಿಸಿಲ್ಲ.

"ಕಂಟ್ರಾಕ್ಟರು ಯಾರು ಗೊತ್ತಾ?" ಅಂದೆ. "ದೊಡ್ಡವರ ಅಳಿಯ."

ಅತ್ತೆ ಮೂಲೆಯಿಂದ ಉಗುಳಿದ ಹಾಗೆ ನಕ್ಕರು. "ನನ್ನ ಸೊಸೇನ ಬೇಡಿಕೊಂಡು ಹೋಗಿ ಅವನ ಅಳಿಯನಿಗೆ ದುಡಿಸ್ಕೊಂಡ. ಭಲೇ ಬೀಗ."

ಮೈಕು ಎದ್ದು ಬಕೆಟ್ಟಿನ ಕೊಳಕು ನೀರನ್ನು ಹೊರಗೆ ಚೆಲ್ಲಿದಳು. ಎಲ್ಲಿ ಬೀಳುತ್ತದೆಂದು ನೋಡಲೂ ಇಲ್ಲ.

ಗುರುವಾರ ಬೆಳಿಗ್ಗೆ ನಾವು ಕಟ್ಟೆಗೆ ಹೋಗುವ ಹೊತ್ತಿಗೆ ಎಡಚಿಯ ಕಲ್ಲಿನ ಮುಂದೆ ಅವಳು ನಿಂತಿದ್ದಳು. ಸೀರೆ ಎತ್ತಿ ಕಟ್ಟಿ, ಕಾಲು ನೀರಲ್ಲಿ. ಪುರಸಭೆಯ ಸದಸ್ಯೆ.

ಯಾರೂ ಏನೂ ಅನ್ನಲಿಲ್ಲ. ಅನ್ನುವ ಪದ್ಧತಿ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು, "ಮೇಡಂ, ಸೋಪು ಈ ಕಡೆ ಪಾಸ್ ಮಾಡಿ, ಠರಾವು ಬೇಕಾ?" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಗಂಟು ಬಂತು. ಅವಳೇ ಬಿಚ್ಚಿದಳು. ಕೊಡವಿದಳು. ಮೇಸ್ತ್ರಿ ಬಾಯಿ ತೆರೆದ. ಸದಸ್ಯೆಯನ್ನು ಬರಬೇಡ ಅನ್ನುವುದು ಹೇಗೆಂದು ತಿಳಿಯದೆ ಮುಚ್ಚಿಕೊಂಡು ಫೋನು ಹಿಡಿದು ಓಡಿದ.

ಮಧ್ಯಾಹ್ನದ ಮುಂಚೆ ದೊಡ್ಡವರ ಕಾರು ಬಂತು. ಕಟ್ಟೆಯವರೆಗೆ ಅವರು ಬಂದದ್ದು ಅದೇ ಮೊದಲು. ಕರ್ಚೀಫು ಮೂಗಿಗೆ ಒತ್ತಿ ಹಿಡಿದು ಒಣ ಜಾಗ ಹುಡುಕಿ ನಿಂತರು. ಬ್ಯಾಗಣ್ಣ ಹಿಂದೆ.

"ಏನು ನಾಟಕ ಇದು? ನಮ್ಮ ಪಾರ್ಟಿ ಸದಸ್ಯೆ ಇಲ್ಲಿ ನಿಂತು ಹೇಲು ಬಟ್ಟೆ ಒಗೆದ್ರೆ ಜನ ಏನಂತಾರೆ?"

"ಒಗೀತಾಳೆ ಅಂತಾರೆ" ಎಂದಳು ಮೈಕು. ಕೈ ನಿಲ್ಲಿಸಲಿಲ್ಲ.

ಅವರಿಗೆ ಸಿಟ್ಟು ಬಂತು. ನುಂಗಿಕೊಂಡರು. ದನಿ ಬದಲಿಸಿದರು. ದೊಡ್ಡವರು ದೊಡ್ಡವರಾದದ್ದು ಸುಮ್ಮನೆ ಅಲ್ಲ.

"ನೋಡು, ನೀನು ಹೊಸಬಳು. ನಾನೂ ಒಂದು ಕಾಲದಲ್ಲಿ ಹೊಸಬನೇ. ಮೊದಲನೇ ಸಲ ಗೆದ್ದೋರು ಕೂರೋದು ಕಲೀಬೇಕು. ಎರಡನೇ ಸಲ ನಿಂತ್ಕೋಬಹುದು. ಮೂರನೇ ಸಲ ಮಾತಾಡಬಹುದು. ಎಲ್ಲಾ ಮೊದಲನೇ ಸಲವೇ ಮಾಡ್ತೀನಿ ಅಂದ್ರೆ ಎರಡನೇ ಸಲ ಅನ್ನೋದೇ ಇರಲ್ಲ. ನಾಳೆ ಬಂದು ಕೈ ಎತ್ತು. ಮುಂದಿನ ಸಲ ಟಿಕೆಟು ನಿಂದೇ. ನಿಮ್ಮ ಕೇರಿಗೆ ನಲ್ಲಿ ಹಾಕಿಸ್ತೀನಿ, ಈ ವರ್ಷವೇ. ಆ ಹುಡುಗಿ ಇದಾಳಲ್ಲ, ಕೈ ಊದಿರೋಳು, ಅವಳನ್ನ ಒಳ್ಳೆ ನರ್ಸಿಂಗ್ ಹೋಮಿಗೆ ಸೇರಿಸ್ತೀನಿ."

"ಈಗಲೇ ಸೇರಿಸಿ."

"ಸಭೆ ಆಗಲಿ."

"ಅವಳಿಗೆ ಚುಚ್ಚಿದ್ದು ಸಭೆ ಕಾಯಲಿಲ್ಲವಲ್ಲ?"

"ಸಭೆ ಆಗಲಿ ಅಂದೆ."

ಬ್ಯಾಗಣ್ಣ ಮುಂದೆ ಬಂದ. "ಪಾರ್ಟಿ ಮಾತು ಮೀರಿ ಓಟು ಹಾಕಿದ್ರೆ ಸದಸ್ಯತ್ವವೇ ಹೋಗುತ್ತೆ ಮೇಡಂ. ತಿಳ್ಕೊಂಡಿರಿ" ಎಂದ. ತಿರುಗುವಾಗ ಕಾಲು ಜಾರಿ ಸೋಪಿನ ನೀರಲ್ಲಿ ಕುಂಡೆ ಊರಿ ಕೂತ. ನಾವು ನಗಲಿಲ್ಲ. ಕಾರು ಹೊರಟ ಮೇಲೆ ನಕ್ಕೆವು.

ನಗು ಬಹಳ ಹೊತ್ತು ಇರಲಿಲ್ಲ. ನಲ್ಲಿಯ ಮಾತು ನಮ್ಮ ಕಿವಿಗೆ ಬಿದ್ದಿತ್ತು. ದೂರದಿಂದ ನೀರು ಹೊತ್ತು ನಮ್ಮ ಕುತ್ತಿಗೆ ಸೊಂಟಕ್ಕೆ ಇಳಿದಿದೆ. ಒಬ್ಬಳು, "ಎತ್ತಿಬಿಡೇ, ಒಂದು ಕೈ ತಾನೇ" ಎಂದಳು. ಇನ್ನೊಬ್ಬಳು, "ನೀನೊಬ್ಬಳು ಎತ್ತದೆ ಇದ್ರೆ ಮಿಕ್ಕೋರು ಎತ್ತಲ್ವಾ? ಠರಾವಂತೂ ಆಗೋದೇ. ನಲ್ಲಿಯಾದ್ರೂ ಬರ್ಲಿ" ಎಂದಳು. ಅದೂ ನಿಜವೇ. ಸಂಜೆ ನಮ್ಮೆಜಮಾನ ಬಂದು, "ಅವಳ ಸ್ಥಾನ ಹೋದ್ರೆ ನಾಳೆ ನಮ್ಮ ಪರ ಒಂದು ಸೊಲ್ಲು ಎತ್ತೋರು ಯಾರು? ಉಳ್ಕೊಂಡ್ರೆ ತಾನೇ ಉಪಕಾರ?" ಎಂದ. ಮೈದುನ ತಲೆ ತಗ್ಗಿಸಿಕೊಂಡು ಹೂಂ ಎಂದ. ಓಟು ಹಾಕಿದವರೇ ಬೇಡುತ್ತಿದ್ದರು. ನನ್ನ ಮನಸ್ಸೂ ನಲ್ಲಿಯ ಕಡೆಗೇ ವಾಲುತ್ತಿತ್ತು.

ಮೈಕು ಎದ್ದು ಎಡಚಿಯ ಮನೆಗೆ ನಡೆದಳು. ನಾನು ಹಿಂದೆ ಹೋದೆ. ಎಡಚಿ ಚಾಪೆಯ ಮೇಲೆ ನಡುಗುತ್ತಿದ್ದಳು. ಕೆಂಪು ಗೆರೆ ಮೊಣಕೈ ದಾಟಿತ್ತು. ಮೈಕು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮುಚ್ಚಿಡಲಿಲ್ಲ.

ಎಡಚಿ ಬಲಗೈಯಲ್ಲಿ ಮೈಕುವಿನ ಸೆರಗು ಹಿಡಿದಳು.

"ಎತ್ತಕ್ಕಾ" ಎಂದಳು. "ನಂಗೆ ಬದುಕ್ಬೇಕು."

ಕಥೆ ಹೇಳುವವರು ಇಂಥ ಕಡೆ ಎಡಚಿಯ ಬಾಯಲ್ಲಿ ದೊಡ್ಡ ಮಾತು ಹಾಕುತ್ತಾರೆ. ನಾನು ಹಾಕುವುದಿಲ್ಲ. ಅವಳು ಅಂದದ್ದು ಅಷ್ಟೇ.

ಹೊರಗೆ ಬಂದ ಮೇಲೆ ಮೈಕು ಗೋಡೆಗೆ ಒರಗಿ ನಿಂತಳು.

"ಕೇಳಿದೆಯಲ್ಲ" ಎಂದೆ. "ಇನ್ನೇನು? ಎತ್ತು."

"ಅಕ್ಕಾ, ಯಾವ ಪಾರ್ಟಿ ಬಾಯಿ ಹೋದ ತಿಂಗಳು 'ನೋಡಿದ್ದೀನಿ, ಏನೂ ಇಲ್ಲ' ಅಂತೋ, ಅದೇ ಬಾಯಿ ಈಗ 'ಸೇರಿಸ್ತೀವಿ' ಅಂತಿದೆ. ಕೈ ಎತ್ತಿದ ಮೇಲೆ ನನ್ನ ಹತ್ರ ಏನು ಉಳಿಯುತ್ತೆ? ಅವರು ಫೋನು ತೆಗೀದೇ ಇದ್ರೆ ಏನು ಮಾಡ್ತೀಯ?"

"ಎತ್ತದೆ ಇದ್ರೆ ಇವಳು ಸಾಯ್ತಾಳೆ."

"ಸಭೆ ನಿಂತ್ರೆ ಬದುಕ್ತಾಳೆ. ನರ್ಸಮ್ಮ ಹೇಳಿದ್ದು ನೀನೇ ತಾನೇ?"

"ನೀನೊಬ್ಬಳು ಹೇಗೆ ನಿಲ್ಲಿಸ್ತೀಯೇ? ತಪ್ಪಿದ್ರೆ?"

"ತಪ್ಪಿದ್ರೆ ಅವಳ ಪಾಲು ನಾನು ಸಾಯೋವರೆಗೂ ಒಗೀತೀನಿ" ಎಂದಳು. ಧೈರ್ಯವಂತೆ ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನು ನೋಡಿದೆ, ಹೆದರಿದ್ದಳು.

ಶುಕ್ರವಾರ ನಾವು ಕೆಲವರು ಪುರಸಭೆಗೆ ಹೋದೆವು. ಜನ ಕೂತು ನೋಡಲು ಹಿಂದೆ ಒಂದು ಬೆಂಚು ಇದೆ. ಕಾನೂನಿನಲ್ಲಿ ಇದೆಯಂತೆ, ಅದಕ್ಕೇ ತಡೆಯಲಿಲ್ಲ. ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ಹೊಳೆಯುವ ಹಲಗೆ. ತಂಪು ಗಾಳಿಯ ಯಂತ್ರ. ಮೈಕುವಿನ ಕುರ್ಚಿ ಖಾಲಿ ಇತ್ತು. ಬ್ಯಾಗಣ್ಣ ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದ. ಬರಲಿಲ್ಲ, ಒಳ್ಳೆಯದೇ ಆಯಿತು ಎಂಬ ಹಾಗೆ.

ಆಗ ಹಿಂದಿನ ಬಾಗಿಲು ತೆರೆಯಿತು. ಕಸ ಗುಡಿಸುವವರ ಬಾಗಿಲು. ತಲೆಯ ಮೇಲೆ ಗಂಟು ಹೊತ್ತು ಮೈಕು ಬಂದಳು. ಹೆರಿಗೆ ಕೋಣೆಯ ಅವತ್ತಿನ ಗಂಟು. ಅಡಿಯಲ್ಲಿ ಕೆಂಪು ಒಸರುತ್ತಿತ್ತು. ಮುಂಬಾಗಿಲಲ್ಲಿ ಆಗಿದ್ದರೆ ನೂರು ಮಂದಿ ತಡೆಯುತ್ತಿದ್ದರು. ಗಂಟು ಹೊತ್ತ ಹೆಂಗಸನ್ನು ಹಿಂಬಾಗಿಲಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆ ಬಾಗಿಲು ಅವಳಿಗೆ ಅವರೇ ತೋರಿಸಿಕೊಟ್ಟದ್ದು.

ಗಂಟನ್ನು ಕಾಲ ಬಳಿ ಇಳಿಸಿಕೊಂಡು ಕುರ್ಚಿಯಲ್ಲಿ ಕೂತಳು. ಆಚೀಚೆಯವರು ಮೂಗು ಮುಚ್ಚಿಕೊಂಡರು. ಏನೆಂದು ಕೇಳುವುದರೊಳಗೆ ಅಧ್ಯಕ್ಷರು ಶುರು ಮಾಡಿಬಿಟ್ಟಿದ್ದರು.

"ಹಿಂದಿನ ಸಭೆಯ ಠರಾವುಗಳು. ಓದಿದೆ ಎಂದು ಭಾವಿಸಲಾಗಿದೆ. ಒಪ್ಪುವವರು ಕೈ..."

"ಓದಿ" ಎಂದಳು ಮೈಕು.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಓದಿದೆ ಎಂದು ಭಾವಿಸಲಾಗಿದೆ ಅಂದೆನಲ್ಲಮ್ಮ."

"ಭಾವಿಸೋದು ನಿಮ್ಮ ಪಾಲಿಗೆ, ಚುಚ್ಚೋದು ನಮ್ಮ ಪಾಲಿಗಾ? ಆಸ್ಪತ್ರೆ ಕಟ್ಟೆ ಠರಾವು ಓದಿ. ಆಳುಗಳಿಗೆ ಏನಾದ್ರೂ ಆದ್ರೆ ಆಸ್ಪತ್ರೆಗೆ ಸಂಬಂಧ ಇಲ್ಲ ಅಂತ ಇದೆಯಲ್ಲ, ಅದನ್ನ ಗಟ್ಟಿಯಾಗಿ ಓದಿ."

ಬ್ಯಾಗಣ್ಣ ಓಡಿ ಬಂದು ಅವಳ ಭುಜದ ಮೇಲೆ ಕೈ ಇಟ್ಟ. ಅವಳು ತಿರುಗಲಿಲ್ಲ.

"ಕೈ ತೆಗಿ" ಎಂದಳು.

ಹೆರಿಗೆ ಕೋಣೆಯನ್ನು ಮೀರಿಸುವ ಗಂಟಲು ಅದು. ಕಿಟಕಿಯ ಗಾಜು ಅದುರಿತು. ಬ್ಯಾಗಣ್ಣನ ಕೈ ತಾನಾಗಿ ಹಿಂದೆ ಹೋಯಿತು.

ಅವಳು ಬಗ್ಗಿ ಗಂಟನ್ನು ಎತ್ತಿದಳು. ಮೇಜಿನ ನಡುವೆ ದಪ್ಪೆಂದು ಹಾಕಿದಳು. ನೀರಿನ ಲೋಟಗಳು ಉರುಳಿದವು. ಗಂಟು ಬಿಚ್ಚಿಕೊಂಡಿತು. ಹೆರಿಗೆಯ ರಕ್ತ, ಹೊಲಸು, ಆ ವಾಸನೆ. ನಮಗದು ದಿನದ ಗಾಳಿ. ಅಲ್ಲಿ ಒಬ್ಬ ಸದಸ್ಯ ವಾಂತಿ ಮಾಡಿಕೊಂಡ. ಇಬ್ಬರು ಕುರ್ಚಿ ಹತ್ತಿದರು.

"ಇದನ್ನ ಯಾರೂ ಕೊಡವಿಲ್ಲ" ಎಂದಳು. "ಹೋದ ತಿಂಗಳು ನೀವೆಲ್ಲ ಇದರಲ್ಲಿ ಏನೂ ಇಲ್ಲ ಅಂದ್ರಿ. ನಾನೂ ಅಂದೆ. ನಾನು ಅಂದಿದ್ದಕ್ಕೆ ನಿನ್ನೆಯಿಂದ ಕಟ್ಟೆಯಲ್ಲಿ ನಿಂತಿದ್ದೀನಿ. ಇವತ್ತು ಒಪ್ಪೋರು ಇದ್ರೆ ಕೈ ಎತ್ತೋದು ಬೇಡ. ಕೈ ಹಾಕಿ."

ಗಂಟನ್ನು ಅವರ ಕಡೆಗೆ ಇನ್ನಷ್ಟು ನೂಕಿದಳು.

"ಬನ್ನಿ. ಇದರಲ್ಲಿ ಸೂಜಿ ಇಲ್ಲದೆಯೂ ಇರಬಹುದು. ದಿನಾ ನಾವು ಹಾಕೋ ಕೈ. ನೀವು ಒಂದೇ ಒಂದ್ಸಲ ಹಾಕಿ. ದೊಡ್ಡವರೇ, ನಿಮ್ಮ ಅಳಿಯಂದಿರ ಗಂಟು ಇದು. ನೀವೇ ಮೊದಲು ಹಾಕಿ."

ದೊಡ್ಡವರ ಮುಖ ಕಪ್ಪಾಯಿತು. ಕೈಗಳು ಮೇಜಿನ ಕೆಳಗೆ ಹೋದವು. ಸುತ್ತ ನೋಡಿದೆ. ಎಲ್ಲರ ಕೈಗಳೂ ಮೇಜಿನ ಕೆಳಗೆ ಹೋಗಿದ್ದವು. ನಮ್ಮ ಬೆಂಚಿನಿಂದ ಯಾರೋ, "ಹಾಕ್ರಪ್ಪಾ, ಮುದ್ದು ಕೈಗಳು, ನೋಡೋಣ" ಎಂದಳು. ಯಾರೋ ಅಲ್ಲ, ನಾನೇ. ಇನ್ನೊಂದು ಪಾರ್ಟಿಯವರು ಅಷ್ಟು ಹೊತ್ತು ಸುಮ್ಮನಿದ್ದವರು ಈಗ ಎದ್ದು ಕೂಗತೊಡಗಿದರು. ಅವರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತೆಂದಲ್ಲ. ಸಿಕ್ಕಿದ ಮೀನು ಬಿಡುವುದು ಬೇಡ ಎಂದು.

ಅಧ್ಯಕ್ಷರು ಕರ್ಚೀಫಿನೊಳಗಿಂದ, "ಸಭೆಯನ್ನು ಮುಂದೂಡಲಾಗಿದೆ" ಎಂದರು. ಬಾಗಿಲ ಕಡೆ ಮೊದಲು ಓಡಿದವರೂ ಅವರೇ.

ಮತದಾನ ಆಗಲಿಲ್ಲ. ಠರಾವು ಪಕ್ಕಾ ಆಗಲಿಲ್ಲ.

ನಾವು ಓಡಿದೆವು. ಎಡಚಿಯನ್ನು ಅವಳ ಚಾಪೆಯ ಸಮೇತ ಹೊತ್ತು ತಂದೆವು. ಕಿಟಕಿಯವನು ಮತ್ತೆ ಶುರು ಮಾಡುವಷ್ಟರಲ್ಲಿ ನರ್ಸಮ್ಮ ಒಳಗಿನಿಂದ, "ಸಭೆ ನಿಂತಿದೆ, ಇವರು ನಮ್ಮವರೇ, ಬರ್ಕೋ" ಎಂದಳು. ಅವನು ಮೈಕುವಿನ ಮುಖ ನೋಡಿದ. ಬರೆದುಕೊಂಡ.

ಕೊಯ್ದರು. ಕೀವು ತೆಗೆದರು. ಎರಡು ದಿನ ಅವಳು ಅತ್ತ ಇತ್ತ ತೂಗಿದಳು. ಬದುಕಿದಳು. ತೋರುಬೆರಳು ಹೋಯಿತು. ಎಚ್ಚರವಾದಾಗ ಕೈಯ ಬ್ಯಾಂಡೇಜು ನೋಡಿಕೊಂಡು ಮೈಕುವಿಗೆ, "ನೀನು ಎತ್ತಿದ್ರೆ ಬೆರಳು ಉಳೀತಿತ್ತೇನೋ" ಎಂದಳು. ಮೈಕು "ಇರಬಹುದು" ಎಂದಳು. ಆಮೇಲೆ ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ದೊಡ್ಡವರು ಬಂದದ್ದು ಆಗಲೇ. ವಾರ್ಡಿನ ಓಣಿಯಲ್ಲಿ ನಿಂತು ಬೆರಳು ಆಡಿಸಿ ಕರೆದರು. ಮೈಕು ಎದ್ದು ಹೋದಳು. ನಾನೂ ಹೋದೆ.

"ಪಾರ್ಟಿಯಿಂದ ತೆಗೆದಿದ್ದೀವಿ ನಿನ್ನನ್ನ" ಎಂದರು. "ಓಟು ಹಾಕಿಲ್ಲ ಅಂತ ಸದಸ್ಯತ್ವ ಉಳೀತು, ಅಷ್ಟೇ. ಬರೋ ತಿಂಗಳ ಸಭೆಯಲ್ಲಿ ಠರಾವು ಮತ್ತೆ ಬರುತ್ತೆ. ಪಾಸಾಗುತ್ತೆ. ನೀನು ಏನೂ ಮಾಡಕ್ಕಾಗಲ್ಲ."

"ಬರ್ಲಿ" ಎಂದಳು. "ನಾನೂ ಬರ್ತೀನಿ. ಆಸ್ಪತ್ರೆಯಲ್ಲಿ ದಿನಾ ಹೆರಿಗೆ ಆಗುತ್ತೆ."

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಮುಖದ ನರ ಉಬ್ಬಿತು.

"ನಿಂಗೆ ತಲೆ ಕೆಟ್ಟಿದೆ. ಮುಂದಿನ ಸಲ ಯಾವ ಪಾರ್ಟಿ ನಿನಗೆ ಟಿಕೆಟು ಕೊಡುತ್ತೆ ನೋಡ್ತೀನಿ. ಮುಂದಿನ ಸಲ ನೀನು ಎಲ್ಲಿರ್ತೀಯ ಅಂತ ಯೋಚನೆ ಮಾಡಿದ್ದೀಯ?"

ಓಣಿಯ ಎರಡೂ ಬದಿಯ ಹಾಸಿಗೆಗಳಿಂದ ಜನ ನೋಡುತ್ತಿದ್ದರು. ನಾವು ಒಗೆದ ಚಾದರಗಳ ಮೇಲೆ ಮಲಗಿದ ಜನ. ಮೈಕು ದನಿ ಏರಿಸಲಿಲ್ಲ. ಆದರೂ ಅದು ಕೊನೆಯ ಹಾಸಿಗೆಯವರೆಗೆ ಕೇಳಿಸಿತು.

"ಮುಂದಿನ ಸಲದ ಮಾತು ಆಮೇಲೆ. ಈ ಸಲವೇ ಇನ್ನೂ ನಾಲ್ಕು ವರ್ಷ ಇದೆ."